ಮಕ್ಕಳ ಕಲಿಕೆ, ನಡವಳಿಕೆ, ವಿಶೇಷ ಅಗತ್ಯಗಳ ಆನ್‌ಲೈನ್ ಕೋರ್ಸ್: ಮುಗಿಸಿ ವರ್ಷ ದಾಟಿದ ಮೇಲೆ ಒಂದು ವಿಮರ್ಶೆ

ಓದಿದ್ದು ತರಗತಿಯಲ್ಲಿ ಎಷ್ಟು ದಿನ ಕೈಹಿಡಿಯುತ್ತದೆ ಅನ್ನುವುದೇ ಇಂಥ ಕೋರ್ಸಿಗೆ ನಿಜವಾದ ಪರೀಕ್ಷೆ ಅಲ್ವಾ? ನಾನು ಟೀಚರ್ ಜೊತೆ ತರಗತಿಯಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಈ ಕೋರ್ಸಿನ ಒಂದು ಪಾಠ ಈಗಲೂ ದಿನಾ ಬಳಕೆಗೆ ಬರುತ್ತಿದೆ. ಅದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನುತ್ತೇನೆ.

ಅದು ಎಬಿಸಿ ಚಾರ್ಟ್, ಅಂದರೆ ಮಗುವಿನ ನಡವಳಿಕೆಯನ್ನು ಬರೆದಿಡುವ ಪಟ್ಟಿ. ಒಂದು ಹಾಳೆ, ಮೂರು ಕಾಲಂ. ಮೊದಲು ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ‘ಹಟ ಮಾಡಿದ’ ಅನ್ನುವಂತಿಲ್ಲ. ‘ಪೆನ್ಸಿಲ್ ಎಸೆದು ಮೇಜಿನ ಕೆಳಗೆ ಹೋಗಿ ಕೂತ’ ಅಂತ ಬರೆಯಬೇಕು.

ನಮ್ಮ ತರಗತಿಯ ಒಬ್ಬ ಹುಡುಗ ಹೀಗೇ ಮಾಡುತ್ತಿದ್ದ. ಕೆಲವು ದಿನ ಬರೆದಿಟ್ಟು ನೋಡಿದರೆ ಮೊದಲ ಕಾಲಂನಲ್ಲಿ ಮತ್ತೆ ಮತ್ತೆ ಒಂದೇ ವಿಷಯ: ಬೋರ್ಡ್ ನೋಡಿ ಬರೆದುಕೊಳ್ಳುವ ಹೊತ್ತು. ಕೊನೆಯ ಕಾಲಂನಲ್ಲೂ ಒಂದೇ: ಹೊರಗೆ ಕಳಿಸಲಾಯಿತು. ಅಂದರೆ ಶಿಕ್ಷೆ ಅಂತ ಕೊಟ್ಟದ್ದರಿಂದ ಬರೆಯುವ ಕೆಲಸ ತಪ್ಪುತ್ತಿತ್ತು. ಅವನಿಗೆ ಬೇಕಾದದ್ದೂ ಅದೇ. ಬೋರ್ಡ್ ಮೇಲಿದ್ದನ್ನು ಒಂದು ಹಾಳೆಯಲ್ಲಿ ಬರೆದು ಅವನ ಮೇಜಿನ ಮೇಲಿಟ್ಟೆವು. ಎರಡೆರಡೇ ಸಾಲು ಬರೆಯಲು ಕೊಟ್ಟೆವು. ಸಾಕಾದಾಗ ತೋರಿಸಲಿ ಅಂತ ಒಂದು ಬ್ರೇಕ್ ಕಾರ್ಡ್ ಕೊಟ್ಟೆವು. ಮೇಜಿನ ಕೆಳಗೆ ಹೋಗುವುದು ನಿಧಾನವಾಗಿ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ, ಆದರೆ ಈಗ ಕಾರ್ಡ್ ಎತ್ತಿ ತೋರಿಸುತ್ತಾನೆ. ನನಗಂತೂ ಅದು ತುಂಬಾ ದೊಡ್ಡ ವಿಷಯ.

ಇನ್ನೊಂದು ಮಾತನ್ನೂ ಕೋರ್ಸ್ ಮೊದಲೇ ಹೇಳಿತ್ತು. ಕೂಗಿದಾಗಲೆಲ್ಲ ಸಿಗುತ್ತಿದ್ದ ಗಮನ ಸಿಗದೇ ಹೋದರೆ ಮೊದಮೊದಲು ಕೂಗು ಜಾಸ್ತಿಯೇ ಆಗಬಹುದು. ಜೊತೆಗೆ, ಗಮನ ಕೇಳಲು ಬೇರೊಂದು ದಾರಿಯನ್ನೂ ಮಗುವಿಗೆ ಕಲಿಸಬೇಕು. ಇದು ಗೊತ್ತಿಲ್ಲದಿದ್ದರೆ ಎಷ್ಟೋ ಜನ ಎರಡನೇ ದಿನಕ್ಕೇ ಕೈಬಿಡುತ್ತಾರೆ.

ಪ್ರಶ್ನೆ ಕೇಳಿ ಕಾಯುವ ಪಾಠವೂ ಚೆನ್ನಾಗಿದೆ. ಶಿಕ್ಷಕರು ಉತ್ತರಕ್ಕೆ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವೂ ಆಗುತ್ತದೆ, ಚೆನ್ನಾಗಿಯೂ ಇರುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮಾತು ನಿಧಾನವಾಗಿ ಹೊರಡುವ ಮಗುವಿನ ಪಕ್ಕ ಕೂತು ಇದನ್ನು ಮಾಡಿ ನೋಡಿ. ಸುಮ್ನೆ ಕಾಯುವುದು ನಿಜಕ್ಕೂ ಕಷ್ಟ!

ಈಗ ಬೇಜಾರಿನ ವಿಷಯಗಳು. ಒಂದು ಇಡೀ ಪಾಠ ‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಅಂತ ಮಕ್ಕಳನ್ನು ವಿಂಗಡಿಸುತ್ತದೆ. ಹೀಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಅನ್ನಲು ಸರಿಯಾದ ಪುರಾವೆ ಇಲ್ಲ ಅಂತ ಮನಃಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದಾರೆ. ಕೋರ್ಸ್ ನಡೆಸುವವರು ಇದನ್ನು ಇನ್ನೂ ತೆಗೆದಿಲ್ಲ. ಚಿತ್ರ ತೋರಿಸುವುದು ಒಳ್ಳೆಯದೇ, ಆದರೆ ಅದು ಎಲ್ಲ ಮಕ್ಕಳಿಗೂ ಬೇಕು.

ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ) ಬಗ್ಗೆ ಇರುವ ವಿಡಿಯೋಗಳಲ್ಲಿ ಬರೀ ಹುಡುಗರೇ. ಕಷ್ಟವನ್ನು ಒಳಗೇ ಮುಚ್ಚಿಟ್ಟು, ಬೇರೆಯವರನ್ನು ನೋಡಿ ಅವರಂತೆಯೇ ನಡೆದುಕೊಳ್ಳುವ ಹುಡುಗಿಯರು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಬಗ್ಗೆ ಒಂದು ಸಾಲೂ ಇಲ್ಲ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಕೊರತೆ.

ಕ್ವಿಜ್‌ಗಳು ತೀರಾ ಸುಲಭ. ಅಸೈನ್‌ಮೆಂಟ್‌ಗೆ ಬರುವ ಉತ್ತರ ‘ಚೆನ್ನಾಗಿದೆ, ಮುಂದುವರಿಸಿ’ ಅಷ್ಟೇ.

ಈ ಕೋರ್ಸ್ ಓದಿದ ಮಾತ್ರಕ್ಕೆ ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ, ಡಿಸ್ಲೆಕ್ಸಿಯಾ (ಓದು-ಬರಹದ ತೊಂದರೆ) ಇದೆ ಅಂತ ಹೇಳುವ ಹಾಗಿಲ್ಲ, ಅದು ತಜ್ಞರ ಕೆಲಸ. ತರಗತಿಯಲ್ಲಿ ಈಗಾಗಲೇ ಮಕ್ಕಳ ಜೊತೆ ಇರುವವರಿಗೆ ಕೋರ್ಸ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಜೊತೆ ಒಡನಾಟವೇ ಇಲ್ಲದವರು ಮೊದಲು ಪ್ರಾಯೋಗಿಕ ತರಬೇತಿ ಇರುವ ಕೋರ್ಸ್ ಹುಡುಕುವುದು ಒಳ್ಳೆಯದು. ಫೀಸ್ ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ನೀವು ಬರೆದದ್ದನ್ನು ಯಾರು ಓದುತ್ತಾರೆ, ಸರ್ಟಿಫಿಕೇಟನ್ನು ನೀವು ಕೆಲಸಕ್ಕೆ ಸೇರಬೇಕೆಂದಿರುವ ಶಾಲೆ ಒಪ್ಪುತ್ತದಾ.