ಮಾಜುಲಿಯಲ್ಲಿ ಜಿಯೋಕ್ಯಾಶ್: ಡಬ್ಬಿಯೋ, ಅರ್ತ್‌ಕ್ಯಾಶೋ?

ಅಸ್ಸಾಮಿನಲ್ಲಿ ಬ್ರಹ್ಮಪುತ್ರ ನದಿಯ ನಡುವಿನ ಮಾಜುಲಿ ದ್ವೀಪದಲ್ಲಿ ಜಿಯೋಕ್ಯಾಶ್, ಅಂದರೆ ಜಿಪಿಎಸ್ ಹಿಡಿದು ಬೇರೆಯವರು ಹುಡುಕಿಕೊಂಡು ಬರುವ ಆಟದ ಗುರಿ, ಇಡಬೇಕು ಅಂತಿದ್ದೀರಾ? ಮಾಮೂಲಿ ಡಬ್ಬಿಯಾದರೆ ಹುಡುಕುವವರಿಗೆ ಮಜಾ ಜಾಸ್ತಿ. ಬಿದಿರಿನ ಬುಡಕ್ಕೆ ಕೈಹಾಕಿ, ಮುಚ್ಚಳ ತೆಗೆದು, ಒಳಗಿನ ಲಾಗ್‌ಬುಕ್ಕಿನಲ್ಲಿ ಹೆಸರು ಬರೆಯುವ ಖುಷಿಯೇ ಬೇರೆ. ಆದರೆ ಬ್ರಹ್ಮಪುತ್ರ ಮಳೆಗಾಲದಲ್ಲಿ ದಡ ಕೊರೆಯುತ್ತದೆ. ಡಬ್ಬಿ ಹೋಗಲಿ, ಅದನ್ನಿಟ್ಟ ನೆಲವೇ ಮುಂದಿನ ವರ್ಷ ಇಲ್ಲದಿರಬಹುದು! ಡಬ್ಬಿ ನೋಡಿಕೊಳ್ಳಲು ಪ್ರತಿಸಲ ಅಲ್ಲಿಗೇ ಹೋಗಬೇಕು; ಜೋರ್ಹಾಟ್ ಕಡೆಯಿಂದಾದರೆ ನಿಮಾತಿ ಘಾಟಿನಲ್ಲಿ ಫೆರಿ ಹತ್ತಬೇಕು. ಬೆಂಗಳೂರಲ್ಲಿ ಕೂತವರಿಗೆ ಆಗೋ ಮಾತಾ?

ಅರ್ತ್‌ಕ್ಯಾಶ್ ಅಂದರೆ ನೆಲದ ರಚನೆಯ ಬಗ್ಗೆ ಪಾಠ ಹೇಳುವ ಜಿಯೋಕ್ಯಾಶ್; ಅದಕ್ಕೆ ಡಬ್ಬಿಯೇ ಇಲ್ಲ. ಬಂದವರು ಕುಸಿದ ದಡದಲ್ಲಿ ಮರಳು, ಜೇಡಿಮಣ್ಣಿನ ಪದರ ನೋಡಿ ನಿಮ್ಮ ಪ್ರಶ್ನೆಗೆ ಉತ್ತರ ಕಳಿಸುತ್ತಾರೆ. ಡಬ್ಬಿಯನ್ನು ನುಂಗುವ ಕೊರೆತವೇ ಇಲ್ಲಿ ಪಾಠ ಅಲ್ವಾ? ಒದ್ದೆ ಕಾಗದ ಬದಲಿಸುವ ಗೋಜೂ ಇಲ್ಲ. ನಾನಾದರೆ ಇದನ್ನೇ ಆರಿಸುತ್ತೇನೆ. ಡಬ್ಬಿಯೇ ಬೇಕೆಂದರೆ ದಡದಿಂದ ದೂರ, ಊರಿನವರನ್ನು ಕೇಳಿಯೇ ಇಡಿ.