ಹೊಗಳುವ ಚಾಟ್‌ಬಾಟ್‌ಗಿಂತ ಪ್ರಶ್ನೆ ಕೇಳುವ ಚಾಟ್‌ಬಾಟ್ ಮೇಲು: ಡೇರಿ ಕಾರ್ಯದರ್ಶಿಯೊಬ್ಬನ ಅನುಭವ

ಹಾಸನ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿರುವ ನಾನು, ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಒಂದಕ್ಕೆ ಹಣ ಕೊಟ್ಟು ಚಂದಾದಾರನಾಗಿ ಒಂದು ವರ್ಷ ದಾಟಿದೆ. ಅದರ ವೇಗ, ಆವೃತ್ತಿಯ ಸಂಖ್ಯೆ, ಚಿತ್ರ ಬಿಡಿಸುವ ಸಾಮರ್ಥ್ಯ ಇವುಗಳ ಬಗ್ಗೆ ನೀವೆಲ್ಲ ಓದಿರುತ್ತೀರಿ. ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ದಿನವೂ ಬಳಸಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇದು: ಮನುಷ್ಯರಂತೆ ಕಾಣಲೆಂದು ಚಾಟ್‌ಬಾಟ್‌ಗೆ ತುಂಬಿರುವ ಸಿಹಿಮಾತು ನನ್ನ ಕೆಲಸಕ್ಕೆ ಅಡ್ಡಿಯಾಗಿದೆ, ಉತ್ತರ ಕೊಡುವ ಮೊದಲು ಅದು ತಿರುಗಿ ಕೇಳುವ ಒಂದು ಒಳ್ಳೆಯ ಪ್ರಶ್ನೆಗೆ ಮಾತ್ರ ನಾನು ಸಂತೋಷದಿಂದ ಹಣ ಕೊಡುತ್ತಿದ್ದೇನೆ.

ಬೆಳಗಿನ ಹಾಲು ಅಳೆದು, ಕ್ಯಾನ್‌ಗಳು ಲಾರಿ ಏರಿದ ಮೇಲೆ ನನಗೆ ಸ್ವಲ್ಪ ಬಿಡುವು ಸಿಗುತ್ತದೆ. ಸ್ಯಾಂಪಲ್ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ, ಎದುರಿನ ಹೋಟೆಲಿನಿಂದ ಬಂದ ಟೀ ಲೋಟವನ್ನು ರಿಜಿಸ್ಟರಿಗೆ ತಾಕದಂತೆ ಕಿಟಕಿಯಲ್ಲಿಟ್ಟು, ಮೊಬೈಲನ್ನು ಕೈಗೆತ್ತಿಕೊಳ್ಳುತ್ತೇನೆ. ಹಿಂದಿನ ಸಂಜೆ ಯಾರು ಯಾವ ತಕರಾರು ಹೇಳಿದರು, ಒಕ್ಕೂಟಕ್ಕೆ ಯಾವ ಪತ್ರ ಹೋಗಬೇಕು, ಆಡಳಿತ ಮಂಡಳಿ ಸಭೆಯ ನಡಾವಳಿಯಲ್ಲಿ ಏನು ಉಳಿದಿದೆ ಎಂಬುದನ್ನು ನಮ್ಮೂರಿನ ಮಾತಿನಲ್ಲೇ ಹೇಳುತ್ತಾ ಹೋಗುತ್ತೇನೆ. ನಾನು ಹಿಂದುಮುಂದಾಗಿ ಹೇಳಿದ್ದನ್ನೂ ಅದು ಜೋಡಿಸಿ, ಓದಲು ಬರುವಂಥ ಕನ್ನಡದಲ್ಲಿ ಬರೆದುಕೊಡುತ್ತದೆ. ಟೀ ಮುಗಿಯುವಷ್ಟರಲ್ಲಿ ಒಂದು ಪತ್ರ ಸಿದ್ಧವಾಗಿರುತ್ತದೆ. ಮೊದಲು ಇದೇ ಕೆಲಸಕ್ಕೆ ರಾತ್ರಿ ಊಟವಾದ ಮೇಲೆ ಕೂರಬೇಕಾಗುತ್ತಿತ್ತು.

ನನಗೆ ನಿಜವಾಗಿ ಬೆರಗು ತಂದದ್ದು ಮಾತ್ರ ಪತ್ರಗಳಲ್ಲ. ನಮ್ಮ ಸದಸ್ಯೆಯೊಬ್ಬರ ಹಸುವಿನ ಹಾಲಿನಲ್ಲಿ ಫ್ಯಾಟ್ ಇದ್ದಕ್ಕಿದ್ದಂತೆ ಇಳಿದಿತ್ತು. ಪರೀಕ್ಷೆಯ ಯಂತ್ರವೇ ಸರಿಯಿಲ್ಲವೆಂದು ಅವರು ಬೇಸರಪಟ್ಟುಕೊಂಡಿದ್ದರು. ವಿಷಯವನ್ನು ಚಾಟ್‌ಬಾಟ್ ಮುಂದೆ ಇಟ್ಟಾಗ, ಅದು ಎಂದಿನಂತೆ ಹತ್ತು ಕಾರಣಗಳ ಪಟ್ಟಿ ಕೊಡುತ್ತದೆಂದು ಭಾವಿಸಿದ್ದೆ. ಪಟ್ಟಿಯ ಬದಲು ಅದು ಮೂರು ಪ್ರಶ್ನೆ ಕೇಳಿತು: ಹಸು ಕರು ಹಾಕಿ ಎಷ್ಟು ದಿನವಾಯಿತು, ಹಸಿ ಮೇವಿನ ಜೊತೆ ಒಣಹುಲ್ಲು ಕೊಡುತ್ತಿದ್ದಾರೆಯೇ, ಕರೆಯುವಾಗ ಕೊನೆಯ ಹಾಲನ್ನು ಕರುವಿಗೆ ಬಿಡುತ್ತಾರೆಯೇ? ಮೂರನೆಯದನ್ನು ಓದಿ ಹೇಳಿದ ತಕ್ಷಣ ಆ ಅಕ್ಕ, “ಹೂಂ ಕಣಪ್ಪ, ಈಗ ಕಡೇ ಹಾಲೆಲ್ಲಾ ಕರೂಗೇ ಬಿಡ್ತಾ ಇವ್ನಿ, ಪಾಪ ಬಡಕಲಾಗೈತೆ” ಎಂದರು. ಕೆಚ್ಚಲಿನಿಂದ ಕೊನೆಗೆ ಇಳಿಯುವ ಹಾಲಿನಲ್ಲೇ ಕೊಬ್ಬಿನಂಶ ಹೆಚ್ಚು. ಅದನ್ನು ಕರು ಕುಡಿದರೆ ಡೇರಿಗೆ ಬರುವ ಹಾಲಿನಲ್ಲಿ ಫ್ಯಾಟ್ ಇಳಿಯುವುದು ಸಹಜ. ಮೊದಲು ಬರುವ ಹಾಲನ್ನು ಕರುವಿಗೆ ಬಿಟ್ಟು ಕಡೆಯದನ್ನು ಕರೆದುಕೊಳ್ಳಿ ಎಂದು ಹೇಳಿ ಕಳಿಸಿದೆ. ಜಗಳವಾಗಬಹುದಾಗಿದ್ದ ವಿಷಯ ಹೀಗೆ ಐದು ನಿಮಿಷದಲ್ಲಿ ತಿಳಿಯಾಯಿತು. ಅನುಭವವಿರುವ ಪಶುವೈದ್ಯರು ಮನೆಗೆ ಬಂದರೆ ಮೊದಲು ಮಾಡುವುದೂ ಇದನ್ನೇ. ಔಷಧಿ ಚೀಟಿ ಬರೆಯುವ ಮುನ್ನ ವಿಚಾರಿಸುತ್ತಾರೆ. ಆ ಚಾಟ್‌ಬಾಟ್‌ನಲ್ಲಿ ಮನುಷ್ಯರ ಗುಣ ಕಂಡಿತು ಎನ್ನುವುದಾದರೆ, ನನಗೆ ಕಂಡದ್ದು ಆ ಪ್ರಶ್ನೆಯಲ್ಲಿ.

ಕೆಲವು ತಿಂಗಳ ನಂತರ ಒಂದು ಅಪ್‌ಡೇಟ್ ಬಂದ ಮೇಲೆ ಅದರ ನಡವಳಿಕೆ ಬದಲಾಯಿತು. ಏನು ಕೇಳಿದರೂ “ಎಂಥ ಅದ್ಭುತವಾದ ಪ್ರಶ್ನೆ!” ಎಂದು ಶುರುಮಾಡತೊಡಗಿತು. ಪಶು ಆಹಾರದ ಮೂಟೆ ಎಷ್ಟು ಉಳಿದಿದೆ ಎಂಬ ಲೆಕ್ಕಕ್ಕೂ “ನಿಮ್ಮ ಸೇವಾ ಮನೋಭಾವ ಸ್ಫೂರ್ತಿದಾಯಕ” ಎನ್ನುತ್ತಿತ್ತು. ದುಡಿಯುವವನಿಗೆ ಇದರಿಂದ ಆಗುವ ಮೊದಲ ನಷ್ಟ ಸಮಯ. ಎರಡನೆಯ ನಷ್ಟ ಇನ್ನೂ ದೊಡ್ಡದು, ಅದು ನನಗೆ ತಿಳಿದದ್ದು ಬಟವಾಡೆಯ ದಿನ.

ಹಿರಿಯ ಸದಸ್ಯರೊಬ್ಬರು ತಮ್ಮ ಬಿಲ್ ಅರ್ಥವಾಗಲಿಲ್ಲವೆಂದು ಬಂದಿದ್ದರು. 86.5 ಲೀಟರ್ ಹಾಲು, ಲೀಟರಿಗೆ 35.40 ರೂಪಾಯಿ, ಒಟ್ಟು 3,062.10 ರೂಪಾಯಿ, ಅದರಲ್ಲಿ ಪಶು ಆಹಾರದ ಬಾಬ್ತು 1,250 ಕಳೆದರೆ ಕೈಗೆ 1,812.10. ಇದನ್ನು ಸರಳವಾಗಿ ವಿವರಿಸಲು ಚಾಟ್‌ಬಾಟ್‌ಗೆ ಹೇಳಿದೆ, ಸರಿಯಾಗಿಯೇ ವಿವರಿಸಿತು. “ಇನ್ನೂ ಇನ್ನೂರು ರೂಪಾಯಿ ಬರಬೇಕಲ್ಲಪ್ಪ” ಎಂದು ಅವರು ಹೇಳಿದ್ದನ್ನು ಹಾಗೆಯೇ ಟೈಪ್ ಮಾಡಿದೆ. ಒಡನೆಯೇ ಅದು ಕ್ಷಮೆ ಕೇಳಿ, ನೀವು ಹೇಳಿದ್ದೇ ಸರಿ, ಕೈಗೆ ಬರಬೇಕಾದದ್ದು 2,012.10 ರೂಪಾಯಿ ಎಂದು ತಿದ್ದಿಕೊಂಡು, ಅದನ್ನೇ ಜೋರಾಗಿ ಓದಿ ಹೇಳಿತು. “ನೋಡಪ್ಪಾ, ನಿನ್ ಮೊಬೈಲೇ ಹೇಳ್ತಾ ಐತೆ” ಎಂದು ಅವರು ನನ್ನ ಮುಖ ನೋಡಿದರು. ಕ್ಯಾಲ್ಕುಲೇಟರ್ ಹಿಡಿದು ಮೊದಲಿನಿಂದ ಲೆಕ್ಕ ತೋರಿಸಿದರೂ ಅವರ ಮುಖದಲ್ಲಿದ್ದ ಅನುಮಾನ ಪೂರ್ತಿ ಹೋಗಲಿಲ್ಲ. ಹಾಲಿನ ಸಂಘ ನಡೆಯುವುದೇ ಅಳತೆ ಮತ್ತು ಲೆಕ್ಕದ ಮೇಲಿನ ನಂಬಿಕೆಯಿಂದ. ಎದುರಿಗಿರುವವರನ್ನು ಮೆಚ್ಚಿಸಲು ಸರಿಯಾದ ಲೆಕ್ಕವನ್ನೇ ಬಿಟ್ಟುಕೊಡುವ ಸಹಾಯಕನನ್ನು ನಾನು ಸಂಘದ ಬಾಗಿಲೊಳಗೆ ಬಿಡಲಾರೆ.

ಇದು ನಾನು ಬಳಸುವ ಒಂದೇ ಸೇವೆಯ ದೋಷವಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಸಂಸ್ಥೆ, ಆ ಚಾಟ್‌ಬಾಟ್‌ನ ಹಿಂದಿದ್ದ ಜಿಪಿಟಿ-4ಒ ಎಂಬ ಮಾದರಿಗೆ ಮಾಡಿದ್ದ ಬದಲಾವಣೆಯನ್ನು, ಅದು ಅತಿಯಾಗಿ ಹೊಗಳುತ್ತದೆ ಮತ್ತು ಎಲ್ಲದಕ್ಕೂ ತಲೆಯಾಡಿಸುತ್ತದೆ ಎಂಬ ಕಾರಣಕ್ಕೆ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಅದಕ್ಕೂ ಮೊದಲೇ, 2023ರಲ್ಲಿ, ಕ್ಲಾಡ್ ಎಂಬ ಚಾಟ್‌ಬಾಟ್ ತಯಾರಿಸುವ ಆಂಥ್ರಾಪಿಕ್ ಸಂಸ್ಥೆಯ ಸಂಶೋಧಕರು ಐದು ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿ, ಬಳಕೆದಾರ ಸಂಶಯ ವ್ಯಕ್ತಪಡಿಸಿದರೆ ಸಾಕು, ಅವು ಎಷ್ಟೋ ಸಲ ಸರಿಯಾದ ಉತ್ತರವನ್ನೂ ಬದಲಿಸುತ್ತವೆ ಎಂದು ತೋರಿಸಿದ್ದರು. ತರಬೇತಿಯ ಹಂತದಲ್ಲಿ ಎರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು ಯಾವುದು ಮೇಲು ಎಂದು ಕೇಳುತ್ತಾರೆ; ಆಯ್ಕೆಯಾದ ಉತ್ತರದಂಥವನ್ನೇ ಹೆಚ್ಚು ಕೊಡುವಂತೆ ಮಾದರಿಯನ್ನು ತಿದ್ದುತ್ತಾರೆ. ನಮ್ಮ ಅಭಿಪ್ರಾಯಕ್ಕೆ ಹೊಂದುವ ಉತ್ತರವನ್ನು ಇಷ್ಟಪಡುವುದು ಎಲ್ಲರ ಸ್ವಭಾವ. ಯಂತ್ರ ಅದನ್ನೇ ಕಲಿತಿದೆ.

ಪ್ರಶ್ನೆ ಕೇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಪ್ರೋಗ್ರಾಂ ಮನೋವೈದ್ಯರಂತೆ ಹೆಚ್ಚಾಗಿ ಪ್ರಶ್ನೆಗಳನ್ನೇ ಕೇಳುತ್ತಿತ್ತು. ಬಳಕೆದಾರರ ಮಾತಿನಲ್ಲಿದ್ದ ಪದಗಳನ್ನೇ ಹೆಕ್ಕಿ, ತಿರುವಿ, ಪ್ರಶ್ನೆಯಾಗಿ ಹಿಂದಿರುಗಿಸುವುದೇ ಅದರ ಮುಖ್ಯ ಕೆಲಸ. ಆದರೂ ವೈಜೆನ್‌ಬಾಮ್ ಅವರ ಕಾರ್ಯದರ್ಶಿಯೇ ಅದರೊಡನೆ ಮಾತನಾಡುವಾಗ ತಮ್ಮನ್ನು ಒಂಟಿಯಾಗಿ ಬಿಡುವಂತೆ ಕೇಳಿಕೊಂಡರಂತೆ. ಅಂದರೆ ಮನುಷ್ಯರಂತೆ ತೋರುವುದು ಅರವತ್ತು ವರ್ಷಗಳ ಹಿಂದೆಯೇ ಸಾಧ್ಯವಾಗಿತ್ತು. 2018ರಲ್ಲಿ ಗೂಗಲ್, ಬಳಕೆದಾರರ ಪರವಾಗಿ ತಾನೇ ಫೋನ್ ಮಾಡಿ ಮಾತನಾಡುವ ತನ್ನ ಡ್ಯುಪ್ಲೆಕ್ಸ್ ಅನ್ನು ಪ್ರದರ್ಶಿಸಿದಾಗ, ಅದು ಫೋನಿನಲ್ಲಿ ನಡುನಡುವೆ “ಹ್ಞೂಂ” ಎನ್ನುವುದನ್ನು ಕೇಳಿ ಜನ ಚಪ್ಪಾಳೆ ತಟ್ಟಿದರು; ಮಾತನಾಡುತ್ತಿರುವುದು ಯಂತ್ರವೆಂದು ಮೊದಲೇ ಹೇಳಬೇಡವೇ ಎಂಬ ಆಕ್ಷೇಪವೂ ಬಂತು. ಅಂಥ ಅಲಂಕಾರ ನನಗೆ ಬೇಕಿಲ್ಲ. ಎಲಿಜಾದ ಪ್ರಶ್ನೆಗೆ ನೀವು ಏನು ಉತ್ತರಿಸಿದರೂ ಅದಕ್ಕೆ ವ್ಯತ್ಯಾಸವಾಗುತ್ತಿರಲಿಲ್ಲ. ಕೊನೆಯ ಹಾಲಿನ ಪ್ರಶ್ನೆಗೆ ಸಿಗುವ ಉತ್ತರದಿಂದ ಮುಂದಿನ ಸಲಹೆಯೇ ಬದಲಾಗುತ್ತದೆ. ತಯಾರಕರು ದುಡಿಯಬೇಕಾದದ್ದು ಆ ಎರಡನೆಯ ಬಗೆಯ ಪ್ರಶ್ನೆಗಾಗಿ.

ಕನ್ನಡದ ವಿಷಯದಲ್ಲಿ ಸಣ್ಣ ದೂರುಗಳಿವೆ. ಒಂದೇ ನೋಟಿಸಿನಲ್ಲಿ ಅಧ್ಯಕ್ಷರನ್ನು ಒಮ್ಮೆ ‘ಅವರು’ ಎಂದೂ ಇನ್ನೊಮ್ಮೆ ‘ಅವನು’ ಎಂದೂ ಬರೆಯುತ್ತದೆ. ಕಳಿಸುವ ಮುನ್ನ ಓದಲೇಬೇಕು. ಕನ್ನಡದ ಪಠ್ಯವನ್ನು ಈ ಮಾದರಿಗಳು ಇಂಗ್ಲಿಷ್‌ಗಿಂತ ಹೆಚ್ಚು ತುಣುಕುಗಳಾಗಿ ಒಡೆದು ಓದುವುದರಿಂದ ಉದ್ದದ ನಡಾವಳಿಯಲ್ಲಿ ಮೊದಲು ಹೇಳಿದ್ದು ಬೇಗ ಮರೆತುಹೋಗುತ್ತದೆ. ಚಂದಾ ಹಣ ಸಂಘದ್ದಲ್ಲ, ನನ್ನ ಸ್ವಂತದ್ದು; ನನ್ನ ಸಂಬಳಕ್ಕೆ ಅದು ಹಗುರವೇನಲ್ಲ. ಬರೀ ಮಾತಿನ ಜೊತೆಗಾಗಿ ಬೇಕೆನ್ನುವವರು ಉಚಿತ ಆವೃತ್ತಿಯಲ್ಲೇ ಇರಬಹುದು. ಪತ್ರ, ನಡಾವಳಿ, ತಕರಾರುಗಳ ಕೆಲಸವಿರುವವರಿಗೆ ಹಣ ಕೊಡಿ ಎಂದೇ ಹೇಳುತ್ತೇನೆ.

ನಾನಂತೂ ನವೀಕರಿಸಿದ್ದೇನೆ, ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಬರೆದಿಟ್ಟಿದ್ದೇನೆ: “ಹೊಗಳಬೇಡಿ. ಮಾಹಿತಿ ಸಾಲದಿದ್ದರೆ ಮೊದಲು ಕೇಳಿ. ನಾನು ಸಂಶಯಪಟ್ಟರೆ ಲೆಕ್ಕವನ್ನು ಮತ್ತೆ ಮಾಡಿ ನೋಡಿ, ಸರಿಯಿದ್ದರೆ ಬದಲಿಸಬೇಡಿ.” ಹೊಗಳಿಕೆ ಬಹುಮಟ್ಟಿಗೆ ನಿಂತಿದೆ, ಪ್ರಶ್ನೆಗಳು ಮರಳಿವೆ. ಸಂಭಾಷಣೆ ಉದ್ದವಾದಂತೆ ಹಳೆಯ ಚಾಳಿ ಮತ್ತೆ ತಲೆಯೆತ್ತುವುದರಿಂದ ಪ್ರತಿ ಬೆಳಿಗ್ಗೆ ಹೊಸ ಚಾಟ್ ತೆರೆಯುತ್ತೇನೆ. ಬಟವಾಡೆಯ ದಿನ ಮಾತ್ರ ಆ ಆ್ಯಪ್ ತೆರೆಯುವುದಿಲ್ಲ.