ಹಮಾಲಿ ಎರಡು ಸಲ: ಲೊಡ್ಯಾಶ್, ಡೀಪ್‌ಮರ್ಜ್ ಮತ್ತು ನನ್ನ ಹದಿನೈದು ಸಾಲು

"ತಮ್ಮಾ, ಹಮಾಲಿ ಎರಡು ಸಲ ಹಿಡ್ದಿದೆಯಲ್ಲೋ. ರೈತ ಎದುರಿಗೇ ಕೂತಾನೆ."

ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದಾಗ ದಾವಣಗೆರೆಯ ಒಂದು ದಲಾಲಿ ಮಂಡಿಯ ಗುಮಾಸ್ತರು ಹೀಗೆ ಫೋನ್ ಮಾಡಿದರು. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವನು ನಾನು. ಬಿಲ್ಲಿನಲ್ಲಿ ಹಮಾಲಿ ಅಂತ ಒಂದು ಸಾಲು, ಅದರ ಕೆಳಗೆ ಹಮಾಲಿ ಅಂತ ಇನ್ನೊಂದು ಸಾಲು. ಎರಡೂ ಕಳೆದು ರೈತನಿಗೆ ದುಡ್ಡು ಎಣಿಸುತ್ತಿದ್ದರು.

ಎಲ್ಲ ಮಂಡಿಗೂ ನನ್ನದು ಒಂದೇ ಮೂಲ ಸೆಟ್ಟಿಂಗ್ ಫೈಲ್. ಅದರ ಮೇಲೆ ಆಯಾ ಅಂಗಡಿಯ ಚಿಕ್ಕ ಫೈಲ್ ಕೂರುತ್ತದೆ: ಅವರ ಹಮಾಲಿ ದರ, ಪ್ರಿಂಟರ್ ಕಾಗದದ ಅಗಲ, ಬಿಲ್ಲಿನ ಮೇಲಿನ ಹೆಸರು. ಎರಡನ್ನೂ ಬೆರೆಸಿದರೆ ಆ ಅಂಗಡಿಯ ಪೂರ್ತಿ ಸೆಟ್ಟಿಂಗ್ ಬರಬೇಕು. ಈ ಬೆರೆಸುವ ಕೆಲಸಕ್ಕೆ ನಾನು ಬಳಸಿ ನೋಡಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಇದ್ದದ್ದು ನಾನು ಬರೆಯುವ ಭಾಷೆ ಜಾವಾಸ್ಕ್ರಿಪ್ಟ್‌ನ ಮೂರು ಚುಕ್ಕಿ (...), ಅಂದರೆ ಸ್ಪ್ರೆಡ್. 2018ರಿಂದ ಆಬ್ಜೆಕ್ಟ್‌ಗಳಿಗೂ (ಹೆಸರು, ಅದರ ಮೌಲ್ಯ ಅಂತ ಜೋಡಿಗಳ ಕಟ್ಟು) ಬಂದಿದೆ. ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಬೇಡ, ಏನೂ ಬೇಡ. ಆದರೆ ಅದು ಮೇಲಿನ ಒಂದು ಪದರ ಮಾತ್ರ ನೋಡುತ್ತದೆ. ಅಂಗಡಿಯ ಫೈಲಿನಲ್ಲಿ ಪ್ರಿಂಟರ್ ಕೆಳಗೆ ಅಗಲ ಅಷ್ಟೇ ಬರೆದರೆ, ಮೂಲದಲ್ಲಿದ್ದ ಅಕ್ಷರದ ಗಾತ್ರ, ಪ್ರತಿಗಳ ಸಂಖ್ಯೆ ಎಲ್ಲ ಮಾಯ. ಜಾವಾಸ್ಕ್ರಿಪ್ಟ್‌ನದೇ ಫಂಕ್ಷನ್ ಆಬ್ಜೆಕ್ಟ್.ಅಸೈನ್ ಕೂಡ ಇದೇ ಜಾತಿ.

ಆಮೇಲೆ ನಾನೇ ಹದಿನೈದು ಸಾಲಿನ ಫಂಕ್ಷನ್ ಬರೆದೆ. ಒಳಗೆ ಆಬ್ಜೆಕ್ಟ್ ಇದ್ದರೆ ತನ್ನನ್ನೇ ಮತ್ತೆ ಕರೆದುಕೊಳ್ಳುವಂಥದ್ದು. ಒಂದು ವಾರ ಚೆನ್ನಾಗಿ ನಡೆಯಿತು. ಒಂದು ಅಂಗಡಿಯವರು ಲೋಗೋ ಬೇಡ ಅಂತ ನಲ್ ('ಏನೂ ಇಲ್ಲ' ಅನ್ನುವ ಗುರುತು) ಹಾಕಿದ ದಿನ ಬಿದ್ದುಹೋಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ನಲ್‌ನ ಟೈಪ್ ಏನು ಅಂತ ಕೇಳಿದರೆ 'ಆಬ್ಜೆಕ್ಟ್' ಅನ್ನುತ್ತದೆ! ಅದನ್ನು ನಂಬಿ ನನ್ನ ಫಂಕ್ಷನ್ ಒಳಗೆ ಇಳಿಯಲು ಹೋಯಿತು. ಇದು ಓದಿ ಗೊತ್ತಿತ್ತು. ಬರೆಯುವಾಗ ನೆನಪಿರಲಿಲ್ಲ.

ಹಾಗಾಗಿ ಲೊಡ್ಯಾಶ್‌ನ ಮರ್ಜ್ ಅನ್ನುವ ಫಂಕ್ಷನ್‌ಗೆ ಬಂದೆ. ಎಲ್ಲರಿಗೂ ಗೊತ್ತಿರುವ ಲೈಬ್ರರಿ, ಪ್ರಾಜೆಕ್ಟ್‌ನಲ್ಲಿ ಆಗಲೇ ಇತ್ತು. ಪದರಗಳ ಒಳಗೆ ಇಳಿದು ಸರಿಯಾಗಿ ಬೆರೆಸುತ್ತದೆ. ಅಂಡಿಫೈನ್ಡ್ (ಮೌಲ್ಯವೇ ಕೊಟ್ಟಿಲ್ಲ ಅನ್ನುವುದು) ಬಂದರೆ ಹಳೆಯದನ್ನು ಉಳಿಸುತ್ತದೆ, ನಲ್ ಬಂದರೆ ನಲ್ ಬರೆಯುತ್ತದೆ. ಇದು ನನಗೆ ಇಷ್ಟ. ಇಷ್ಟವಾಗದ್ದು ಎರಡು. ಒಂದು, ಮೊದಲು ಕೊಟ್ಟ ಆಬ್ಜೆಕ್ಟನ್ನೇ ಅದು ತಿದ್ದುತ್ತದೆ. ನಾನು ಮೂಲ ಸೆಟ್ಟಿಂಗನ್ನೇ ಮೊದಲು ಕೊಟ್ಟಿದ್ದೆ. ಮೊದಲ ಅಂಗಡಿ ಲೋಡ್ ಆಯಿತು. ಎರಡನೆಯ ಅಂಗಡಿಯ ಬಿಲ್ಲಿನ ಅಡಿಯಲ್ಲಿ ಮೊದಲ ಅಂಗಡಿಯ ಫೋನ್ ನಂಬರ್ ಬಂತು. ಪಕ್ಕದ ಮಂಡಿಯವನ ನಂಬರ್ ತನ್ನ ಬಿಲ್ಲಿನಲ್ಲಿ ನೋಡಿದ ಸಾವ್ಕಾರರು ಏನಂದರು ಅಂತ ಇಲ್ಲಿ ಬರೆಯುವ ಹಾಗಿಲ್ಲ. ಮೊದಲು ಒಂದು ಖಾಲಿ ಆಬ್ಜೆಕ್ಟ್ ಕೊಟ್ಟರೆ ಸಾಕು, ಈ ತೊಂದರೆ ಇಲ್ಲ.

ಎರಡನೆಯದು ಪಟ್ಟಿಗಳ ವಿಷಯ. ಇದು ನಿಜವಾದ ತಲೆನೋವು. ಮೂಲ ಫೈಲಿನಲ್ಲಿ ಖರ್ಚಿನ ಪಟ್ಟಿ ಹೀಗಿತ್ತು: ಮೊದಲು ಹಮಾಲಿ, ಲೆಕ್ಕ ಚೀಲಕ್ಕೆ. ಆಮೇಲೆ ತೂಕ, ಲೆಕ್ಕ ಕ್ವಿಂಟಲ್‌ಗೆ. ಕೊನೆಗೆ ಗಾಡಿ ಬಾಡಿಗೆ, ಲೆಕ್ಕ ಒಟ್ಟಿಗೆ. ಒಂದು ಅಂಗಡಿಯ ಫೈಲಿನಲ್ಲಿ ಒಂದೇ ಒಂದು ಐಟಂ ಬರೆದೆ: ಗಾಡಿ ಬಾಡಿಗೆ, ದರ 300. ಲೊಡ್ಯಾಶ್ ಪಟ್ಟಿಗಳನ್ನು ಸ್ಥಾನ ನೋಡಿ ಬೆರೆಸುತ್ತದೆ, ಮೊದಲನೆಯದರ ಮೇಲೆ ಮೊದಲನೆಯದು. ಹೆಸರು ಬಾಡಿಗೆ ಆಯಿತು, ದರ 300 ಆಯಿತು. 'ಚೀಲಕ್ಕೆ' ಅನ್ನುವುದು ಮಾತ್ರ ಹಮಾಲಿಯಿಂದ ಹಾಗೇ ಉಳಿಯಿತು. 40 ಚೀಲಕ್ಕೆ ಬಾಡಿಗೆ 12,000 ರೂಪಾಯಿ! ಸದ್ಯ, ಇದು ನನ್ನ ರೂಮಿನಲ್ಲೇ ಸಿಕ್ಕಿತು.

ಅಲ್ಲಿಂದ ಡೀಪ್‌ಮರ್ಜ್‌ಗೆ ಹಾರಿದೆ. ತೀರಾ ಚಿಕ್ಕ ಲೈಬ್ರರಿ. ಕೊಟ್ಟದ್ದನ್ನು ಮುಟ್ಟುವುದಿಲ್ಲ, ಹೊಸ ಆಬ್ಜೆಕ್ಟ್ ಮಾಡಿಕೊಡುತ್ತದೆ. ಫೋನ್ ನಂಬರ್ ಗಲಾಟೆ ಇಲ್ಲಿ ಬರುವುದೇ ಇಲ್ಲ. ಆದರೆ ಪಟ್ಟಿ ಬಂದರೆ ಸುಮ್ನೆ ಒಂದರ ಹಿಂದೆ ಒಂದು ಜೋಡಿಸುತ್ತದೆ. ಮೂಲದ ಹಮಾಲಿ, ಅದರ ಹಿಂದೆ ಅಂಗಡಿಯ ಹಮಾಲಿ. ಗುಮಾಸ್ತರ ಫೋನ್ ಬಂದದ್ದು ಇದರಿಂದಲೇ. ಅದು ಹೀಗೆ ಮಾಡುತ್ತದೆ ಅಂತ ಅವರ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಓದದೆ ಹಾಕಿದ್ದು ನಾನು.

ಇನ್ನೊಂದು ಮಜಾ ಇದೆ. ಈ ಅಂಗಡಿಯಲ್ಲಿ ಯಾವ ಖರ್ಚೂ ಹಿಡಿಯುವುದಿಲ್ಲ ಅಂತ ಖಾಲಿ ಪಟ್ಟಿ ಕೊಟ್ಟು ನೋಡಿ. ಲೊಡ್ಯಾಶ್ ಮೂಲದ ಪಟ್ಟಿಯನ್ನೇ ಉಳಿಸುತ್ತದೆ, ಬೆರೆಸಲು ಸ್ಥಾನವೇ ಇಲ್ಲವಲ್ಲ. ಡೀಪ್‌ಮರ್ಜ್ ಕೂಡ ಅದನ್ನೇ ಉಳಿಸುತ್ತದೆ, ಖಾಲಿಯನ್ನು ಜೋಡಿಸಿದರೆ ಬದಲಾಗುವುದೇನು? ನಾನು ಬೈದು ಬಿಟ್ಟುಬಂದ ಮೂರು ಚುಕ್ಕಿಯೇ ಇಲ್ಲಿ ಸರಿಯಾದ ಉತ್ತರ ಕೊಟ್ಟಿತು.

ಎರಡಕ್ಕೂ ಮದ್ದು ಇದೆ. ಡೀಪ್‌ಮರ್ಜ್‌ಗೆ ಅರೇಮರ್ಜ್ ಅನ್ನುವ ಆಯ್ಕೆ ಕೊಟ್ಟು 'ಹೊಸ ಪಟ್ಟಿಯೇ ಸಾಕು' ಅನ್ನಬಹುದು, ಒಂದೇ ಸಾಲು. ಲೊಡ್ಯಾಶ್‌ನಲ್ಲಿ ಮರ್ಜ್‌ವಿತ್ ಬಳಸಿ, ಪಟ್ಟಿ ಬಂದಾಗ ಹೊಸದನ್ನು ಹಿಂತಿರುಗಿಸಬೇಕು. ಉಳಿದದ್ದಕ್ಕೆ ಏನೂ ಹಿಂತಿರುಗಿಸದಿದ್ದರೆ ಅದು ತನ್ನ ಮಾಮೂಲಿ ದಾರಿ ಹಿಡಿಯುತ್ತದೆ. ಲೊಡ್ಯಾಶ್ ಆಗಲೇ ಇರುವವರು ಇದಕ್ಕಾಗಿ ಇನ್ನೊಂದು ಲೈಬ್ರರಿ ಹಾಕಿಕೊಳ್ಳಬೇಡಿ. ಆದರೆ ಆವೃತ್ತಿ ನೋಡಿಕೊಳ್ಳಿ. 4.17.11ಕ್ಕಿಂತ ಹಳೆಯದರಲ್ಲಿ ಮರ್ಜ್‌ಗೆ ಒಂದು ಭದ್ರತೆಯ ತೂತಿತ್ತು (ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2018-16487). ಹೊರಗಿನವರು ಕಳಿಸಿದ ಜೇಸನ್ (ಆಬ್ಜೆಕ್ಟನ್ನು ಪಠ್ಯವಾಗಿ ಬರೆಯುವ ರೂಪ) ಬೆರೆಸಿದರೆ, ಅದು ಪ್ರೋಗ್ರಾಂನ ಎಲ್ಲ ಆಬ್ಜೆಕ್ಟ್‌ಗಳ ತಾಯಿಬೇರಿಗೇ ಕೈ ಹಾಕಬಹುದಿತ್ತು. ನನ್ನ ಹದಿನೈದು ಸಾಲಿನಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅದನ್ನು ಬಿಸಾಕಲು ನಲ್‌ಗಿಂತ ದೊಡ್ಡ ಕಾರಣ ಇದೇ.

ರಾತ್ರಿಯ ವರದಿಗಳು ಪೈಥಾನ್‌ನಲ್ಲಿವೆ. ಅಲ್ಲಿ 3.9ನೇ ಆವೃತ್ತಿಯಲ್ಲಿ ಬಂದ ನಿಂತ ಗೆರೆ (|) ನಮ್ಮ ಮೂರು ಚುಕ್ಕಿಯ ಹಾಗೇ, ಒಂದೇ ಪದರ. ಮರ್ಜ್‌ಡೀಪ್ ಅನ್ನುವ ಲೈಬ್ರರಿ ಒಳಗೆ ಇಳಿಯುತ್ತದೆ, ಪಟ್ಟಿಯನ್ನು ಪೂರ್ತಿ ಬದಲಿಸುತ್ತದೆ. ನನಗೆ ಬೇಕಾದದ್ದು ಅದೇ, ಹಾಗಾಗಿ ಅದನ್ನೇ ಇಟ್ಟುಕೊಂಡೆ. ಮೊದಲು ಕೊಟ್ಟದ್ದನ್ನು ತಿದ್ದುವ ಚಾಳಿ ಮಾತ್ರ ಅದಕ್ಕೂ ಇದೆ. ಪೈಥಾನ್‌ನಲ್ಲೂ ಡೀಪ್‌ಮರ್ಜ್ ಹೆಸರಿನದೊಂದು ಇದೆ. ಅದರ ಆಲ್ವೇಸ್ ಮರ್ಜರ್ ಕೂಡ ಪಟ್ಟಿಗಳನ್ನು ಜೋಡಿಸುತ್ತದೆ.

ಕೊನೆಗೆ ನಾನು ಡೀಪ್‌ಮರ್ಜನ್ನೇ ಉಳಿಸಿಕೊಂಡೆ, ಅರೇಮರ್ಜ್ ಸಾಲು ಸೇರಿಸಿ. ಮೂಲವನ್ನು ಮುಟ್ಟುವುದಿಲ್ಲ ಅನ್ನುವ ಒಂದೇ ಕಾರಣ ಸಾಕು. ಆದರೆ ಹೆಚ್ಚು ನೆಮ್ಮದಿ ತಂದದ್ದು ಲೈಬ್ರರಿ ಅಲ್ಲ, ಫೈಲನ್ನೇ ಬದಲಿಸಿದ್ದು. ಖರ್ಚನ್ನು ಪಟ್ಟಿಯಾಗಿ ಇಡುವುದು ಬಿಟ್ಟು, ಹೆಸರಿನ ಕೆಳಗೆ ಇಟ್ಟೆ: 'ಹಮಾಲಿ' ಒಳಗೆ ದರ, ಲೆಕ್ಕ. 'ತೂಕ' ಒಳಗೆ ದರ, ಲೆಕ್ಕ. ಈಗ ಲೊಡ್ಯಾಶ್ ಹಾಕಿದರೂ, ಡೀಪ್‌ಮರ್ಜ್ ಹಾಕಿದರೂ ಬರುವುದು ಒಂದೇ ಬಿಲ್. ಯಾವುದಾದರೂ ಖರ್ಚು ಬೇಡವಾದರೆ ನಲ್ ಬರೆಯುತ್ತೇವೆ, ಬಿಲ್ ಮಾಡುವಾಗ ಅದನ್ನು ಬಿಟ್ಟುಬಿಡುತ್ತದೆ. ನಲ್ ಅಂದರೆ ತೆಗೆದುಹಾಕು ಅನ್ನುವ ಉಪಾಯ ನನ್ನದಲ್ಲ. 2014ರಲ್ಲಿ ಬಂದ ಜೇಸನ್ ಮರ್ಜ್ ಪ್ಯಾಚ್ ನಿಯಮದಲ್ಲೇ (ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 7396) ಇದೆ. ಅದೂ ಪಟ್ಟಿಯನ್ನು ಬೆರೆಸಲು ಹೋಗುವುದಿಲ್ಲ, ಪೂರ್ತಿ ಬದಲಿಸುತ್ತದೆ.

ಇದರಲ್ಲೂ ಒಂದು ಕೊಸರು ಉಳಿದಿತ್ತು. ಒಂದು ಅಂಗಡಿಗೆ ಖರ್ಚಿನ ಹೆಸರಿನ ಬದಲು ಅವರ ಹಳೆಯ ಖಾತೆ ಪುಸ್ತಕದ ನಂಬರ್ ಇಟ್ಟಿದ್ದೆ: 10 (ಇದು ಹಮಾಲಿ), 2, 7. ಜಾವಾಸ್ಕ್ರಿಪ್ಟ್ ನಂಬರಿನಂಥ ಕೀಗಳನ್ನು, ಅಂದರೆ ಹೆಸರಿನ ಜಾಗದಲ್ಲಿರುವವನ್ನು, ತಾನೇ ಏರಿಕೆಯಲ್ಲಿ ಜೋಡಿಸಿಕೊಳ್ಳುತ್ತದೆ. ಬಿಲ್ಲಿನಲ್ಲಿ ಹಮಾಲಿ ಕೊನೆಗೆ ಹೋಯಿತು. ಪ್ರತಿ ನಂಬರಿನ ಮುಂದೆ ಒಂದು 'ಖ' ಹಾಕಿದೆ. ಈಗ ಮೇಲೇ ಬರುತ್ತಿದೆ, ಒಂದೇ ಸಲ.